ಯಾವ ತಿಂಗಳಲ್ಲಿ ಕಟ್ಟಬೇಕು?

ಸಿಇಟಿ ರ‍್ಯಾಂಕ್ ಬಂದು ಆಪ್ಷನ್ ಎಂಟ್ರಿ ಶುರುವಾಯಿತೆಂದರೆ ತಾಲ್ಲೂಕು ಊರುಗಳ ಸೈಬರ್ ಸೆಂಟರುಗಳಲ್ಲಿ ಕೂರಲು ಸ್ಟೂಲೂ ಸಿಗುವುದಿಲ್ಲ. ಪಹಣಿಗೆ ಬಂದವರನ್ನು, ರೇಷನ್ ಕಾರ್ಡಿಗೆ ಬಂದವರನ್ನು ‘ನಾಳೆ ಬನ್ನಿ’ ಎಂದು ಸಾಗಹಾಕುತ್ತಾರೆ. ತಿಪಟೂರು ಸೀಮೆಯ ಇಂಥದೊಂದು ಅಂಗಡಿಯಲ್ಲಿ ಇಬ್ಬರು ಬಿಟ್ಟಿ ಸಲಹೆಗಾರರಿದ್ದಾರೆ. ಒಬ್ಬರು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ಮೇಷ್ಟ್ರು, ನಿವೃತ್ತಿ ಹತ್ತಿರದಲ್ಲಿದೆ. ಇನ್ನೊಬ್ಬಳು ಅವರಲ್ಲೇ ಓದಿ ಈಗ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿರುವವಳು, ಈ ದಿನಗಳಿಗೆಂದೇ ರಜೆ ಹಾಕಿ ಊರಿಗೆ ಬಂದಿದ್ದಾಳೆ. ಮೇಷ್ಟ್ರ ಹತ್ತಿರ ಇರುವುದು ರಟ್ಟಿನ ಹೊದಿಕೆಯ ಒಂದು ನೋಟ್‌ಬುಕ್ಕು. ಅವಳ ಹತ್ತಿರ ಎಕ್ಸೆಲ್ ಶೀಟು. ಎರಡೂ ಒಂದೇ ಟೇಬಲ್ಲಿನ ಮೇಲಿದ್ದವು. ಪಕ್ಕದ ಬೆಂಚಿನಲ್ಲಿ ಒಬ್ಬ ರೈತ, ಅವನ ಮಗಳು, ಕೈಯಲ್ಲಿ ಪ್ಲಾಸ್ಟಿಕ್ ಫೈಲು.

ಶಿಷ್ಯೆ: ಸರ್, ಇದೊಂಚೂರು ನೋಡಿ. ಕಾಲೇಜು, ಬ್ರಾಂಚು, ಹೋದ ವರ್ಷದ ಕಟಾಫ್, ಫೀಸು, ಹಾಸ್ಟೆಲ್ಲು, ಬರಬಹುದಾದ ಸ್ಕಾಲರ್‌ಶಿಪ್ಪು, ಎಲ್ಲ ಕಳೆದು ಮನೆಯಿಂದ ಹೋಗೋ ದುಡ್ಡು. ಆಮೇಲೆ ಪಾಸಾದವರು, ಕೆಲಸ ಸಿಕ್ಕಿದವರು, ಅವರ ಮೀಡಿಯನ್, ಅಂದ್ರೆ ನಟ್ಟನಡುವಿನ, ಸಂಬಳ. ಹತ್ತೇ ಕಾಲಂ.

ಮೇಷ್ಟ್ರು: ಚೆನ್ನಾಗಿದೆ ಕಣಮ್ಮಾ. ಆದ್ರೆ ಇಲ್ಲಿಗೆ ಬರೋರು ಕೇಳೋದು ಒಂದೇ ಕಾಲಂ. ‘ಸಾರ್, ಈ ರ‍್ಯಾಂಕಿಗೆ ಎಲ್ಲಿ ಸಿಗುತ್ತೆ?’

ಶಿಷ್ಯೆ: ಕೇಳಿ ಕೇಳಿ ಸಿಗೋದನ್ನ ಮೇಲೆ ಬರೀತಾರೆ, ಬೇಕಾದ್ದನ್ನ ಕೆಳಗೆ. ಸೀಟು ಹಂಚೋ ಕೆಇಎ ಕಂಪ್ಯೂಟರ್ ಪಟ್ಟಿ ಓದೋದು ಮೇಲಿಂದ. ನಿಮ್ಮ ಸರದಿ ಬಂದಾಗ ಇನ್ನೂ ಖಾಲಿ ಇರೋ ಮೊದಲನೇದನ್ನ ಕೊಟ್ಟು ಕೈತೊಳ್ಕೊಳ್ಳುತ್ತೆ. ಎಟುಕದ್ದನ್ನ ಮೇಲೆ ಬರೆದ್ರೆ ಕಳ್ಕೊಳ್ಳೋದು ಏನೂ ಇಲ್ಲ.

ಮೇಷ್ಟ್ರು: ಅದನ್ನ ನಾನೂ ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು ಹೇಳ್ತೀನಿ. ನನ್ನ ತಕರಾರು ಅದಲ್ಲ. ಬೇಕಾದ್ದು ಯಾವುದು ಅನ್ನೋದನ್ನ ನಿನ್ನ ಹತ್ತು ಕಾಲಂ ತೀರ್ಮಾನ ಮಾಡ್ಬಿಡುತ್ತಾ?

ಶಿಷ್ಯೆ: ಮಾಡಲ್ಲ. ಆದ್ರೆ ಬಸ್ಸಿನ ಹಿಂದಿನ ಜಾಹೀರಾತು ತೀರ್ಮಾನ ಮಾಡೋದಕ್ಕಿಂತ ವಾಸಿ. ‘ನೂರಕ್ಕೆ ತೊಂಬತ್ತೈದು ಪ್ಲೇಸ್‌ಮೆಂಟ್’ ಅಂತ ಬರೆದು, ಪಕ್ಕದಲ್ಲಿ ಕೋಟು ಹಾಕಿದ ಹುಡುಗನ ಫೋಟೊ ಹಾಕಿ, ಕೆಳಗೆ ನಲವತ್ತು ಲಕ್ಷ ಅಂತ ಹಾಕಿರ್ತಾರಲ್ಲ, ಆ ನಲವತ್ತು ಲಕ್ಷ ಒಬ್ಬನಿಗೆ. ಮಿಕ್ಕವರದ್ದು ಏನು?

ಮೇಷ್ಟ್ರು: ತೊಂಬತ್ತೈದು ಸುಳ್ಳು ಅಂತೀಯಾ?

ಶಿಷ್ಯೆ: ಸುಳ್ಳಲ್ಲ ಸರ್, ಯಾವುದರಿಂದ ಭಾಗಿಸ್ತಾರೆ ಅನ್ನೋದರಲ್ಲಿದೆ ಮರ್ಮ. ಹೀಗೆ ಅಂದ್ಕೊಳ್ಳಿ. ಸೇರಿದವರು 300. ನಾಲ್ಕೇ ವರ್ಷಕ್ಕೆ ಪಾಸಾಗಿ ಹೊರಬಿದ್ದವರು 220. ಅದರಲ್ಲಿ ಬ್ಯಾಕ್‌ಲಾಗ್ ಇಲ್ಲದೆ, ಶೇ 60 ದಾಟಿ, ಪ್ಲೇಸ್‌ಮೆಂಟ್ ಸೆಲ್ಲಿನಲ್ಲಿ ಹೆಸರು ಬರೆಸಿದವರು 158. ಕೆಲಸ ಸಿಕ್ಕಿದ್ದು 150 ಜನಕ್ಕೆ. 158ಕ್ಕೆ 150 ಅಂದ್ರೆ ತೊಂಬತ್ತೈದು. 300ಕ್ಕೆ 150 ಅಂದ್ರೆ ಅರ್ಧ. ಬಸ್ಸಿನ ಮೇಲೆ ಬರೋದು ಮೊದಲನೇ ಲೆಕ್ಕ. ಮಗಳನ್ನ ಸೇರಿಸೋ ಅಪ್ಪನಿಗೆ ಬೇಕಾದ್ದು ಎರಡನೇದು.

ಮೇಷ್ಟ್ರು: ಈ 300, 220 ಎಲ್ಲ ನಿನಗೆ ಯಾರು ಹೇಳಿದ್ರು? ಪ್ಲೇಸ್‌ಮೆಂಟ್ ಆಫೀಸರ್ರಾ?

ಶಿಷ್ಯೆ: ಅವರನ್ನ ಕೇಳೋದೇ ಬೇಡ. ಕೇಂದ್ರ ಸರ್ಕಾರ 2016ರಿಂದ ಎನ್‌ಐಆರ್‌ಎಫ್ ರ‍್ಯಾಂಕಿಂಗ್ ಮಾಡುತ್ತಲ್ಲ, ಅದರಲ್ಲಿ ಭಾಗವಹಿಸೋ ಕಾಲೇಜು ತಾನು ಕೊಟ್ಟ ಅಂಕಿಅಂಶವನ್ನ ತನ್ನ ವೆಬ್‌ಸೈಟಿನಲ್ಲೂ ಹಾಕ್ಬೇಕು. ರ‍್ಯಾಂಕು ಬರಲಿ, ಬಿಡಲಿ.

ಅವಳು ಒಂದು ಕಾಲೇಜಿನ ಅಂಥ ಪಿಡಿಎಫ್ ತೆರೆದಳು. ಹೆಸರಿನ ಸಾಲನ್ನು ಬೆರಳಿನಿಂದ ಮುಚ್ಚಿಯೇ ತೋರಿಸಿದಳು. ನಾಲ್ಕು ವರ್ಷದ ಪದವಿ ಎಂಬ ತಲೆಬರಹದ ಕೆಳಗೆ ಮೂರು ಸಾಲು, ಮೂರು ಬ್ಯಾಚು. ಮೊದಲ ವರ್ಷಕ್ಕೆ ಸೇರಿದವರು, ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದವರು, ನಿಗದಿತ ಅವಧಿಯಲ್ಲಿ ಪಾಸಾದವರು, ಕೆಲಸ ಸಿಕ್ಕಿದವರು, ಅವರ ಮೀಡಿಯನ್ ಸಂಬಳ, ಮುಂದೆ ಓದಲು ಹೋದವರು. ಸಂಬಳವನ್ನು ಅಂಕಿಯಲ್ಲಿ ಬರೆದು ಪಕ್ಕದಲ್ಲಿ ಅಕ್ಷರದಲ್ಲೂ ಬರೆದಿದ್ದರು. ಕಾಲೇಜಿನ ಬಣ್ಣದ ಬ್ರೋಷರಿಗಿಂತ ಈ ಕಪ್ಪುಬಿಳುಪು ಹಾಳೆ ಓದುವುದು ಸುಲಭ. ಆದರೂ ಅದನ್ನು ತೆರೆದು ನೋಡಿದ ಪೋಷಕರನ್ನು ನಾನು ಕಂಡದ್ದು ಕಡಿಮೆ.

ಮೇಷ್ಟ್ರು: ಇದನ್ನ ತುಂಬಿದವರು ಯಾರು?

ಶಿಷ್ಯೆ: ಕಾಲೇಜಿನವರೇ.

ಮೇಷ್ಟ್ರು: ಹ್ಞಾಂ!

ಶಿಷ್ಯೆ: ಹ್ಞಾಂ ಅನ್ನಬೇಡಿ ಸರ್. ಸರ್ಕಾರಕ್ಕೆ ಕೊಡೋ ಕಾಗದದಲ್ಲಿ ಬಸ್ಸಿನ ಹಿಂದೆ ಬರೆದಷ್ಟು ಧಾರಾಳವಾಗಿ ಬರೆಯೋಕೆ ಕೈ ನಡುಗುತ್ತೆ.

ಮೇಷ್ಟ್ರು: ಸರಿ, ನಿಜಾನೇ ಅಂತಿಟ್ಕೋ. ಈ ಮೀಡಿಯನ್ ಯಾವ ಬ್ರಾಂಚಿನದು?

ಶಿಷ್ಯೆ: ಎಲ್ಲ ಸೇರಿ.

ಮೇಷ್ಟ್ರು: ಕಂಪ್ಯೂಟರ್ ಸೈನ್ಸೂ ಸಿವಿಲ್ಲೂ ಒಂದೇ ಪಾತ್ರೆಗೆ ಸುರಿದು ತೆಗೆದ ಮೀಡಿಯನ್ನು. ಸಿವಿಲ್ ತಗೊಳ್ಳೋ ಹುಡುಗಿಗೆ ಇದರಿಂದ ಏನು ತಿಳಿಯುತ್ತೆ? ಅದೂ ಕೆಲಸ ಸಿಕ್ಕಿದವರದ್ದು ಮಾತ್ರ, ಸಿಗದವರನ್ನ ಸೇರಿಸಿಯೇ ಇಲ್ಲ. ಇನ್ನೊಂದು ಕೇಳು. ಸಾವಿರದೊಳಗಿನ ರ‍್ಯಾಂಕಿನವರೆಲ್ಲ ಒಂದು ಕಾಲೇಜಿಗೆ ಹೋದ್ರೆ ಅಲ್ಲಿ ಸಂಬಳ ಜಾಸ್ತಿ ಬರದೆ ಇನ್ನೇನಾಗುತ್ತೆ? ಕಾಲೇಜು ಕಲಿಸಿದ್ದಕ್ಕೆ ಬಂತೋ, ಹುಡುಗರು ಮೊದಲೇ ಜಾಣರಾಗಿದ್ದಕ್ಕೆ ಬಂತೋ? ಎಂಬತ್ತು ಸಾವಿರದ ರ‍್ಯಾಂಕಿನ ಹುಡುಗನ್ನ ತಗೊಂಡು, ನಾಲ್ಕು ವರ್ಷ ಇಟ್ಕೊಂಡು, ಒಂದು ನೌಕರಿಗೆ ಹಚ್ಚಿದ ಮೇಷ್ಟ್ರ ದುಡಿಮೆ ನಿನ್ನ ಯಾವ ಕಾಲಂನಲ್ಲಿದೆ?

ಶಿಷ್ಯೆ: ಇಲ್ಲ. ಅದಕ್ಕೇ ನಾನು ರ‍್ಯಾಂಕಿಂಗ್ ಹಾಕಿಲ್ಲ, ಬಿಡಿ ಸಂಖ್ಯೆಗಳನ್ನ ಮಾತ್ರ ಹಾಕಿದೀನಿ. ಎನ್‌ಐಆರ್‌ಎಫ್ ಅಂಕದಲ್ಲಿ ಸಂಶೋಧನೆಗೆ ಶೇ 30, ಪದವಿ ಫಲಿತಾಂಶಕ್ಕೆ ಶೇ 20. ಬಿ.ಇ. ಮುಗಿಸಿ ಕೆಲಸಕ್ಕೆ ಹೋಗೋ ನಮ್ಮೂರಿನ ಹುಡುಗಿಗೆ ಪ್ರೊಫೆಸರರ ಪೇಟೆಂಟು ಕಟ್ಕೊಂಡು ಏನಾಗ್ಬೇಕು? ಆದ್ರೆ ಸರ್, ಹುಡುಗರು ಮೊದಲೇ ಜಾಣರು ಅನ್ನೋ ಮಾತು ಸಂಬಳಕ್ಕೆ ಸರಿ. ಸೇರಿದ 300ರಲ್ಲಿ 80 ಜನ ನಾಲ್ಕು ವರ್ಷಕ್ಕೆ ಪಾಸೇ ಆಗಲಿಲ್ಲ ಅಂದ್ರೆ ಅಲ್ಲಿ ಕಾಲೇಜಿನ ಪಾಲೂ ಇದೆ ತಾನೆ? ಒಂದೇ ರ‍್ಯಾಂಕಿನವರು ಹೋಗೋ ಎರಡು ಕಾಲೇಜನ್ನ ಅಕ್ಕಪಕ್ಕ ಇಟ್ಟು ನೋಡಿ. ಆಗ ಬರೋ ವ್ಯತ್ಯಾಸ ಯಾರದ್ದು?

ಮೇಷ್ಟ್ರು ಇದಕ್ಕೆ ತಕ್ಷಣ ಉತ್ತರ ಕೊಡಲಿಲ್ಲ. ನೋಟ್‌ಬುಕ್ಕಿನ ಹಾಳೆ ತಿರುವಿದರು.

ಶಿಷ್ಯೆ: ಅಮೆರಿಕದಲ್ಲಿ 2015ರಿಂದ ಸರ್ಕಾರವೇ ‘ಕಾಲೇಜ್ ಸ್ಕೋರ್‌ಕಾರ್ಡ್’ ಅನ್ನೋದನ್ನ ಹೊಸ ರೂಪದಲ್ಲಿ ಇಟ್ಟಿದೆ. ಸಹಾಯಧನ ಕಳೆದು ಮನೆಯವರು ಸರಾಸರಿ ಕಟ್ಟಿದ್ದೆಷ್ಟು, ಪದವಿ ಮುಗಿಸಿದವರೆಷ್ಟು, ಆಮೇಲೆ ದುಡಿದದ್ದೆಷ್ಟು, ಎಲ್ಲ ಅದರಲ್ಲಿದೆ. ದುಡಿಮೆಯ ಲೆಕ್ಕ ಬರೋದು ತೆರಿಗೆ ದಾಖಲೆಯಿಂದ. ಕಾಲೇಜು ಬಾಯಲ್ಲಿ ಹೇಳಿದ್ದಲ್ಲ. ನಮ್ಮಲ್ಲೂ ಪ್ಯಾನ್ ಇದೆ, ಪಿಎಫ್ ಇದೆ. ಮನಸ್ಸು ಮಾಡಿದ್ರೆ ಆಗಲ್ವಾ?

ಮೇಷ್ಟ್ರು: ಅಲ್ಲೂ ಒಬಾಮಾ 2013ರಲ್ಲಿ ಕಾಲೇಜುಗಳಿಗೆ ಅಂಕ ಕೊಡ್ತೀನಿ ಅಂತ ಹೊರಟು, ಗಲಾಟೆಯಾದ ಮೇಲೆ ಬರೀ ಅಂಕಿಅಂಶ ಇಟ್ಟು ಸುಮ್ಮನಾದದ್ದನ್ನ ನಾನೂ ಪೇಪರಿನಲ್ಲಿ ಓದಿದೀನಿ. ಇರಲಿ. ನನ್ನ ನೋಟ್‌ಬುಕ್ಕು ನೋಡು ಈಗ. ನಮ್ಮಲ್ಲಿ ಓದಿದ ಹುಡುಗರು ಯಾವ ಕಾಲೇಜಿಗೆ ಹೋದ್ರು, ಯಾರು ಮಧ್ಯದಲ್ಲಿ ವಾಪಸ್ ಬಂದ್ರು, ಯಾಕೆ ಬಂದ್ರು, ಅಷ್ಟು ಬರೆದಿಟ್ಟಿದೀನಿ. ಒಬ್ಬನಿಗೆ ಪಿಜಿ ಊಟ ಒಗ್ಗಲಿಲ್ಲ, ಜಾಂಡೀಸ್ ಆಯ್ತು. ಒಬ್ಬ ಕನ್ನಡ ಮೀಡಿಯಂನವನು, ಮೊದಲ ಸೆಮಿಸ್ಟರಿನಲ್ಲಿ ನಾಲ್ಕು ವಿಷಯ ಹೋಯ್ತು, ಮನೆಯಲ್ಲಿ ಹೇಳ್ದೆ ಆರು ತಿಂಗಳು ಬೆಂಗಳೂರಲ್ಲೇ ಇದ್ದ. ಒಬ್ಬಳ ಅಜ್ಜಿ ಹಾಸಿಗೆ ಹಿಡಿದ್ರು. ಇವರು ಹತ್ತಿರದ ಕಾಲೇಜಿಗೆ ಹೋಗಿದ್ರೆ ಪದವಿ ಮುಗಿಸ್ತಿದ್ರು. ಶನಿವಾರ ಬಸ್ಸು ಹತ್ತಿ ಊರಿಗೆ ಬರೋದು ಅನ್ನೋದಕ್ಕೂ ಒಂದು ಕಾಲಂ ಬೇಕು.

ಶಿಷ್ಯೆ: ಹತ್ತಿರ ಅನ್ನೋ ಕಾಲಂ ಹುಡುಗಿಯರ ಪಟ್ಟಿಗೆ ಮಾತ್ರ ಯಾಕೆ ಬರುತ್ತೆ ಸರ್? ನನ್ನ ಬ್ಯಾಚಿನಲ್ಲಿ ನನಗಿಂತ ಒಳ್ಳೇ ರ‍್ಯಾಂಕ್ ಬಂದ ಇಬ್ಬರು ಹುಡುಗಿಯರು ಬಸ್ ಪಾಸು ಆಗೋ ದೂರದ ಕಾಲೇಜು ಅಂತ ಸೇರಿದ್ರು. ಆ ವರ್ಷ ಅಲ್ಲಿಗೆ ಕ್ಯಾಂಪಸ್ಸಿಗೆ ಬಂದ ಕಂಪನಿಗಳನ್ನ ಬೆರಳಲ್ಲಿ ಎಣಿಸಬಹುದಿತ್ತು. ಅವರ ತಮ್ಮಂದಿರು ಕಡಿಮೆ ರ‍್ಯಾಂಕಿಗೇ ಬೆಂಗಳೂರಿಗೆ ಹೋದ್ರು, ಮ್ಯಾನೇಜ್‌ಮೆಂಟ್ ಸೀಟಿಗೆ ತೋಟ ಅಡ ಇಟ್ಟು.

ಮೇಷ್ಟ್ರು: ಆ ಭೇದ ನಾನು ಮಾಡಿದ್ದಲ್ಲ.

ಶಿಷ್ಯೆ: ನೀವು ಮಾಡಿದ್ದಲ್ಲ. ಆದ್ರೆ ನೋಟ್‌ಬುಕ್ಕು ಅದನ್ನ ಮುಂದುವರಿಸುತ್ತೆ. ವಾಪಸ್ ಬಂದವರದ್ದಷ್ಟೇ ಬರೆದಿದೀರಿ. ಹೋಗಿ ಗೆದ್ದವಳು ನಿಮಗೆ ಹೇಳೋಕೆ ಬರಲ್ಲ. ಹೋಗದೇ ಉಳಿದವಳ ಲೆಕ್ಕ ಯಾರೂ ಬರೆಯಲ್ಲ.

ಮೇಷ್ಟ್ರು: ಅದು ಸರಿ. ಆದ್ರೆ ಹುಡುಗಿಯ ಅಪ್ಪ ‘ಹ್ಞೂಂ’ ಅನ್ನದೇ ಇದ್ರೆ ನಿನ್ನ ಶೀಟಿನ ಮೊದಲ ಸಾಲು ಅಲ್ಲೇ ಕೂತಿರುತ್ತೆ. ಅವರನ್ನ ಎದುರಿಗೆ ಕೂರಿಸ್ಕೊಂಡು ಮಾತಾಡೋನು ನಾನು.

ಮಾತು ಬದಲಿಸುವವಳ ಹಾಗೆ ಅವಳು ಶೀಟನ್ನು ಬಲಕ್ಕೆ ಸರಿಸಿ ದುಡ್ಡಿನ ಕಾಲಂಗಳಿಗೆ ಬಂದಳು. ಬೆಂಚಿನ ಮೇಲಿದ್ದ ಹುಡುಗಿಯ ಪಟ್ಟಿಯಲ್ಲಿ ಮೇಲೆ ಎರಡು ಹೆಸರಿದ್ದವು. ಬೆಂಗಳೂರಿನ ಒಂದು ಖಾಸಗಿ ಕಾಲೇಜು, ಹಾಸನದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು.

ಶಿಷ್ಯೆ: ಖಾಸಗಿಯಲ್ಲಿ ಸರ್ಕಾರಿ ಕೋಟಾದ ಸೀಟಿಗೇ ವರ್ಷಕ್ಕೆ ಒಂದು ಲಕ್ಷದ ಆಸುಪಾಸು. ಪಿಜಿ ತಿಂಗಳಿಗೆ ಎಂಟೂವರೆ ಸಾವಿರ ಅಂತ ಹಿಡಿದಿದೀನಿ. ಎಲ್ಲ ಸೇರಿ ವರ್ಷಕ್ಕೆ ಎರಡು ಲಕ್ಷ ದಾಟುತ್ತೆ. ಸರ್ಕಾರಿ ಕಾಲೇಜಿನಲ್ಲಿ ಫೀಸೇ ಬಹಳ ಕಡಿಮೆ, ಹಿಂದುಳಿದ ವರ್ಗದವರ ಬಿಸಿಎಂ ಹಾಸ್ಟೆಲ್ ಸಿಕ್ಕರೆ ಊಟ ವಸತಿಯ ಚಿಂತೆ ಇಲ್ಲ. ಆದ್ರೆ ಇಲ್ಲೇ ಜನ ಒಂದನ್ನ ಮರೀತಾರೆ. ಆದಾಯ 8 ಲಕ್ಷದೊಳಗಿದ್ರೆ ಎಸ್‌ಎನ್‌ಕ್ಯೂ ಅಂತ ಶೇ 5ರಷ್ಟು ಹೆಚ್ಚುವರಿ ಸೀಟು ಇದೆ, ಅದಕ್ಕೆ ಟ್ಯೂಷನ್ ಫೀಸು ಮಾಫಿ. ಅದು ಸಿಕ್ಕರೆ ಫೀಸಿನ ಮಟ್ಟಿಗೆ ಬೆಂಗಳೂರು ಹಾಸನದ ಹತ್ತಿರಕ್ಕೆ ಬರುತ್ತೆ. ಹುಡುಗಿ ಆದ್ದರಿಂದ ಎಐಸಿಟಿಇ ಪ್ರಗತಿ ಸ್ಕಾಲರ್‌ಶಿಪ್ಪಿಗೂ ಅರ್ಜಿ ಹಾಕಬಹುದು, ವರ್ಷಕ್ಕೆ 50,000. ಎಲ್ಲರಿಗೂ ಸಿಗಲ್ಲ, ಸಂಖ್ಯೆ ಮಿತವಾಗಿದೆ.

ಮೇಷ್ಟ್ರು: ಸಿಗದೇ ಇದ್ರೆ?

ಶಿಷ್ಯೆ: ಸಾಲ. ಆರು ಲಕ್ಷ ಅಂತಿಟ್ಕೊಳ್ಳಿ, ವರ್ಷಕ್ಕೆ ಒಂದೂವರೆ ಲಕ್ಷದ ಹಾಗೆ. ಶೇ 10 ಬಡ್ಡಿ. ಓದೋ ನಾಲ್ಕು ವರ್ಷ, ಮೇಲೊಂದು ವರ್ಷ ಕಂತು ಕಟ್ಟಬೇಕಿಲ್ಲ, ಆದ್ರೆ ಬಡ್ಡಿ ಬೆಳೀತಿರುತ್ತೆ. ಚಕ್ರಬಡ್ಡಿ ಬಿಟ್ಟು ಸರಳ ಬಡ್ಡಿ ಹಾಕಿದ್ರೂ ಎರಡು ಲಕ್ಷ ಹತ್ತು ಸಾವಿರ ಏರಿರುತ್ತೆ. ಎಂಟು ಲಕ್ಷದ ಹತ್ತು ಸಾವಿರಕ್ಕೆ ಹತ್ತು ವರ್ಷದ ಕಂತು ಅಂದ್ರೆ ತಿಂಗಳಿಗೆ 10,700. ಹೊಸಬರಿಗೆ ದೊಡ್ಡ ಸಾಫ್ಟ್‌ವೇರ್ ಕಂಪನಿಗಳು ಕೊಡೋದು ವರ್ಷಕ್ಕೆ ಮೂರೂವರೆ ಲಕ್ಷದ ಸುತ್ತಮುತ್ತ, ಕೈಗೆ ಬರೋದು ತಿಂಗಳಿಗೆ ಇಪ್ಪತ್ತೈದು ಸಾವಿರ. ಕಂತು ಕಟ್ಟಿ, ಪಿಜಿ ಬಾಡಿಗೆ ಕೊಟ್ಟು, ಮಿಕ್ಕಿದ್ದರಲ್ಲಿ ಊರಿಗೇನು ಕಳಿಸ್ತಾಳೆ?

ಮೇಷ್ಟ್ರು: ನೋಡು, ನೀನೇ ಹಾಸನದ ಪರ ವಾದ ಮಾಡ್ತಿದೀಯ.

ಶಿಷ್ಯೆ: ಯಾವುದರ ಪರವೂ ಅಲ್ಲ. ಆದಾಯ ನಾಲ್ಕೂವರೆ ಲಕ್ಷದೊಳಗಿದ್ರೆ ಆ ಐದೂ ವರ್ಷದ ಬಡ್ಡಿಯನ್ನ ಕೇಂದ್ರ ಸರ್ಕಾರ ತುಂಬುತ್ತೆ, ಆ ಎರಡು ಲಕ್ಷದ ಹತ್ತು ಸಾವಿರ ಹಾರಿಹೋಗುತ್ತೆ. ಆದ್ರೆ ಅದಕ್ಕೆ ಕಾಲೇಜಿಗೆ ನ್ಯಾಕ್ ಮಾನ್ಯತೆ ಇರಬೇಕು, ಇಲ್ಲ ಆ ಬ್ರಾಂಚಿಗೆ ಎನ್‌ಬಿಎ ಇರಬೇಕು. ಗೇಟಿನ ಮೇಲೆ ‘ಎ ಪ್ಲಸ್’ ಅಂತ ಬರೆಸ್ತಾರಲ್ಲ, ಅದರಿಂದ ನಮಗೆ ಆಗೋ ಉಪಯೋಗ ಇದು. 2024ರ ನವೆಂಬರಿನಲ್ಲಿ ಒಪ್ಪಿಗೆಯಾದ ಪಿಎಂ ವಿದ್ಯಾಲಕ್ಷ್ಮಿಯಲ್ಲಿ ಜಾಮೀನಿಲ್ಲದೆ, ಅಡಮಾನವಿಲ್ಲದೆ ಸಾಲ ಕೊಡ್ತಾರೆ. ಅದು ಶುರುವಾದದ್ದು 860 ಸಂಸ್ಥೆಗಳಿಂದ, ಆರಿಸಿದ್ದು ಎನ್‌ಐಆರ್‌ಎಫ್ ನೋಡಿ. ಆದಾಯ ಎಂಟು ಲಕ್ಷದೊಳಗಿದ್ದವರಿಗೆ ಬಡ್ಡಿಯಲ್ಲಿ ಶೇ 3 ರಿಯಾಯಿತಿ ಉಂಟು. ಬೇರೆ ಸರ್ಕಾರಿ ಸ್ಕಾಲರ್‌ಶಿಪ್ ಪಡೆಯೋರಿಗೆ ಆ ರಿಯಾಯಿತಿ ಇಲ್ಲ. ಇದನ್ನೆಲ್ಲ ಬಾಯಲ್ಲಿ ಇಟ್ಕೊಳ್ಳೋಕಾಗುತ್ತಾ? ಅದಕ್ಕೇ ಕಾಲಂ.

ಇಷ್ಟು ಹೊತ್ತು ಸುಮ್ಮನೆ ಕೇಳುತ್ತಿದ್ದ ತಂದೆ ಬೆಂಚಿನ ತುದಿಗೆ ಬಂದು ಕೂತ.

ತಂದೆ: ಮೇಡಂ, ಒಂದು ಮಾತು ಕೇಳ್ಲಾ? ನೀವು ವರ್ಷಕ್ಕಿಷ್ಟು ಅಂತ ಹೇಳ್ತಾ ಇದೀರ. ಯಾವ ತಿಂಗಳಲ್ಲಿ ಕಟ್ಟಬೇಕು?

ಶಿಷ್ಯೆ: ಸೀಟು ಅಲಾಟ್ ಆದ ಮೇಲೆ ಕೆಲವೇ ದಿನ ಟೈಮ್ ಕೊಡ್ತಾರೆ ಅಣ್ಣಾ. ಮೊದಲ ವರ್ಷದ ಫೀಸು ಕೆಇಎಗೇ ಕಟ್ಟಬೇಕು. ಕಟ್ಟಿದ ಮೇಲೆ ಅಡ್ಮಿಷನ್ ಆರ್ಡರ್ ಬರುತ್ತೆ, ಅದನ್ನ ತಗೊಂಡು ಕಾಲೇಜಿಗೆ ಹೋಗೋದು.

ತಂದೆ: ಸ್ಕಾಲರ್‌ಶಿಪ್ಪು?

ಶಿಷ್ಯೆ: ಅದು… ಕಾಲೇಜು ಶುರುವಾದ ಮೇಲೆ ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಅರ್ಜಿ.

ಮೇಷ್ಟ್ರು: ಅರ್ಜಿ ಹಾಕಿ, ಕಾಲೇಜಿನವರು ಒಪ್ಪಿ, ಇಲಾಖೆಯವರು ಒಪ್ಪಿ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೋ ಇಲ್ಲವೋ ನೋಡಿ, ಆಮೇಲೆ. ವರ್ಷ ಕಳೆದು ಬಂದದ್ದೂ ಉಂಟು.

ತಂದೆ: ಬ್ಯಾಂಕಿನೋರು?

ಶಿಷ್ಯೆ: ಬ್ಯಾಂಕಿನವರು ಕೇಳೋದೇ ಅಡ್ಮಿಷನ್ ಆರ್ಡರ್.

ತಂದೆ: ಫೀಸು ಕಟ್ಟಿದ್ರೆ ಆರ್ಡ್ರು, ಆರ್ಡ್ರು ಇದ್ರೆ ಸಾಲ. ಹಂಗಾದ್ರೆ ಮೊದಲು ಕಟ್ಟೋ ದುಡ್ಡು ನಂದೇ. ನೋಡಿ, ನಮ್ಮಟ್ಟದ ಮೇಲೆ ಕಾಯಿ ಐತೆ. ಇನ್ನೂ ಒಣಗಿಲ್ಲ. ಕಿವಿ ಹತ್ರ ಹಿಡ್ದು ಅಲ್ಲಾಡ್ಸಿದ್ರೆ ಗಡಗಡ ಅನ್ಬೇಕು, ಆಗ ಕೊಬ್ಬರಿ ಆಯ್ತು ಅಂತ ಲೆಕ್ಕ. ಅದಕ್ಕೆ ದೀಪಾವಳಿ ಕಳೀಬೇಕು. ಈಗ್ಲೇ ಕಾಯಿ ಅಂತ ಮಾರಿದ್ರೆ ಅರ್ಧ ಕಾಸೂ ಬರಲ್ಲ. ಈ ತಿಂಗಳು ಒಂದು ಲಕ್ಷ ಬೇಕು ಅಂದ್ರೆ ನಾನು ಹೋಗಬೇಕಾದ್ದು ಬಡ್ಡಿಗೆ ಕೊಡೋರ ಮನೇಗೆ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ. ಅದು ನಿಮ್ಮ ಕಂಪ್ಯೂಟ್ರಲ್ಲಿ ಐತಾ?

ಇರಲಿಲ್ಲ. ತಿಂಗಳಿಗೆ ಮೂರು ರೂಪಾಯಿ ಎಂದರೆ ವರ್ಷಕ್ಕೆ ಶೇ 36. ಬ್ಯಾಂಕಿನ ಶೇ 10, ಸರ್ಕಾರದ ಶೇ 3 ರಿಯಾಯಿತಿ ಎಂದು ಅಷ್ಟು ಹೊತ್ತು ಕೂಡಿ ಕಳೆದದ್ದನ್ನು ಇದೊಂದೇ ನುಂಗಿಹಾಕುತ್ತದೆ. ಕಾಲೇಜುಗಳನ್ನು ಹೋಲಿಸುವ ಪಟ್ಟಿಗಳು ನಾನು ನೋಡಿದಷ್ಟೂ ಮೊತ್ತವನ್ನೇ ಹೇಳುತ್ತವೆ, ತಾರೀಖನ್ನು ಹೇಳುವುದಿಲ್ಲ. ತಿಂಗಳ ಸಂಬಳದವರು ಮಾಡುವ ಪಟ್ಟಿಗಳಾದ್ದರಿಂದ ಇರಬೇಕು.

ಶಿಷ್ಯೆ: ಎರಡು ಕಾಲಂ ಸೇರಿಸ್ತೀನಿ. ಕಟ್ಟೋ ತಿಂಗಳು, ಬರೋ ತಿಂಗಳು.

ಮೇಷ್ಟ್ರು: ಬರೋ ತಿಂಗಳಿಗೆ ಏನು ಬರೀತೀಯ?

ಶಿಷ್ಯೆ: ಹಿಂದಿನ ವರ್ಷ ಬಂದವರನ್ನ ಕೇಳಿ ಬರೀತೀನಿ. ನಿಮ್ಮ ನೋಟ್‌ಬುಕ್ಕಿನಲ್ಲಿರೋ ಹುಡುಗರ ಫೋನ್ ನಂಬರ್ ಕೊಡಿ.

ಮೇಷ್ಟ್ರು: ಕೊಡ್ತೀನಿ. ಆದ್ರೆ ಈಗ ಹೇಳು, ಇವರ ಪಟ್ಟಿಯಲ್ಲಿ ಮೇಲೆ ಯಾವುದು? ನಾನಂತೂ ಹಾಸನ ಅಂತೀನಿ. ಮೊದಲ ದಿನ ಕಟ್ಟೋದು ಕಡಿಮೆ, ಮಿಕ್ಕಿದ್ದಕ್ಕೆ ಕೊಬ್ಬರಿ ಬರೋವರೆಗೂ ಕಾಯಬಹುದು.

ಶಿಷ್ಯೆ: ನಾನು ಬೆಂಗಳೂರಿನ ಎಸ್‌ಎನ್‌ಕ್ಯೂ ಅಂತೀನಿ. ಅದೂ ಮೊದಲ ದಿನದ ಹೊರೆ ಇಳಿಸುತ್ತೆ. ಸಿಗದಿದ್ರೆ ಹಾಸನ ಹೇಗಿದ್ರೂ ಕೆಳಗಿದೆ.

ಮೇಷ್ಟ್ರು: ಅದೇ ಕಾಲೇಜಿನ ಮಾಮೂಲಿ ಸೀಟು ಬಂದ್ರೆ? ಕಂಪ್ಯೂಟರ್ರು ‘ಎಸ್‌ಎನ್‌ಕ್ಯೂ ಆದ್ರೆ ಮಾತ್ರ ಕೊಡು’ ಅಂತ ಕೇಳಿಸ್ಕೊಳ್ಳುತ್ತಾ? ಆಗ ಬಡ್ಡಿಯವನ ಮನೇಗೆ ಹೋಗೋರು ಇವರು, ನೀನಲ್ಲ.

ಶಿಷ್ಯೆ: ಮೊದಲು ಅಣಕು ಹಂಚಿಕೆ ಇದೆಯಲ್ಲ ಸರ್. ಅದರಲ್ಲಿ ಏನು ಬರುತ್ತೆ ನೋಡಿ ಪಟ್ಟಿ ತಿದ್ದಬಹುದು. ನಿಜವಾದ ರೌಂಡಿನಲ್ಲೂ ಚಾಯ್ಸ್ 3 ಕೊಟ್ಟು, ಸೀಟು ಬೇಡ ಅಂದು ಮುಂದಿನ ರೌಂಡಿಗೆ ಹೋಗಬಹುದು.

ಮೇಷ್ಟ್ರು: ಚಾಯ್ಸ್ 3 ಕೊಟ್ಟು ಮುಂದಿನ ರೌಂಡಿನಲ್ಲಿ ಏನೂ ಸಿಗದೆ ಕೂತವರ ಹೆಸರೂ ಈ ನೋಟ್‌ಬುಕ್ಕಿನಲ್ಲಿದೆ.

ತಂದೆ: (ಮಗಳ ಕಡೆ ತಿರುಗಿ) ನೀನೇನಂತೀಯ?

ಮಗಳು: ಎಲ್ಲಾದ್ರೂ ಆಗುತ್ತೆ. ಸಿವಿಲ್ ಬೇಡ. ಎಲೆಕ್ಟ್ರಾನಿಕ್ಸ್ ಬೇಕು.

ಶಿಷ್ಯೆ: ಹಾಗಾದ್ರೆ ಮೀಡಿಯನ್ ಕಾಲಂಗೆ ಸರ್ ಹೇಳಿದ್ದು ಸರಿ, ಎಲ್ಲ ಬ್ರಾಂಚು ಕಲಸಿದ್ದು ಕೆಲಸಕ್ಕೆ ಬರಲ್ಲ. ಎಲೆಕ್ಟ್ರಾನಿಕ್ಸಿನಿಂದಲೇ ಎಷ್ಟು ಜನಕ್ಕೆ ಕೆಲಸ ಆಯ್ತು ಅಂತ ಕಾಲೇಜಿಗೆ ಫೋನ್ ಮಾಡಿ ಕೇಳಬೇಕು.

ಮೇಷ್ಟ್ರು: ನಾನು ಮಾಡ್ತೀನಿ. ಮೇಷ್ಟ್ರು ಅಂದ್ರೆ ಸ್ವಲ್ಪ ಮರ್ಯಾದೆ ಕೊಟ್ಟು ಮಾತಾಡ್ತಾರೆ.

ಶಿಷ್ಯೆ: ಪ್ಲೇಸ್‌ಮೆಂಟ್ ಸೆಲ್ಲಿಗಲ್ಲ ಸರ್, ವಿಭಾಗದ ಮುಖ್ಯಸ್ಥರಿಗೆ ಮಾಡಿ. ಹಾಗೇ ಅಕೌಂಟ್ಸ್ ಸೆಕ್ಷನ್ನಿಗೂ. ಸ್ಕಿಲ್ ಲ್ಯಾಬು, ಯೂನಿಫಾರ್ಮು ಅಂತ ಕೆಇಎ ಫೀಸಿನ ಮೇಲೆ ಇನ್ನೇನು ಕೇಳ್ತಾರೆ, ಕಂತಿನಲ್ಲಿ ಕಟ್ಟೋಕೆ ಬಿಡ್ತಾರಾ ಅಂತ.

ಮೇಷ್ಟ್ರು: ಕಂತು ಅಂದ ಕೂಡಲೇ ‘ಬನ್ನಿ, ಮಾತಾಡೋಣ’ ಅಂತಾರೆ. ಬರೆದುಕೊಡಿ ಅಂದ್ರೆ ಫೋನ್ ಇಡ್ತಾರೆ.

ಶಿಷ್ಯೆ: ಇಡಲಿ. ಇಟ್ಟರು ಅಂತ ಅದನ್ನೂ ಶೀಟಿನಲ್ಲಿ ಬರೀತೀನಿ. ರಸೀದಿ ಕೊಡ್ತಾರಾ ಅಂತ ಮಾತ್ರ ಕೇಳೋದು ಮರೀಬೇಡಿ.